ಒತ್ತಡ, ಛಲ ಮತ್ತು ಮಿದುಳು: ಬದಿಯಡ್ಕ ಪರಿಸರದ ಒಂದು ಕನ್ನಡ ತರಗತಿಯ ವಿಮರ್ಶೆ

ಮನಸ್ಸಿನ ಒತ್ತಡವನ್ನು ಕುರಿತು ಕನ್ನಡದಲ್ಲಿಯೇ ಪಾಠ ಹೇಳುವ ತರಗತಿ ಕಾಸರಗೋಡು ಜಿಲ್ಲೆಯಲ್ಲಿ ಸಿಗುವುದು ಅಪರೂಪ. ಮಂಗಳೂರಿನಲ್ಲಿ ಇಂಥವು ಬೇಕಾದಷ್ಟಿವೆ. ಆದರೆ ಮನೆಯಲ್ಲಿ ಹಾಸಿಗೆ ಹಿಡಿದವರನ್ನು ಬಿಟ್ಟು, ತಲಪಾಡಿಯ ರಾಜ್ಯಗಡಿ ದಾಟಿ, ವಾರವಾರವೂ ಹೋಗಿ ಬರುವುದು ಹೆಚ್ಚಿನವರಿಗೆ ಆಗದ ಮಾತು. ಹಾಗಾಗಿ ಬದಿಯಡ್ಕ ಪರಿಸರದ ಆಪ್ತಸಮಾಲೋಚನಾ ಕೇಂದ್ರವೊಂದು ಶನಿವಾರ ಸಂಜೆಗಳಲ್ಲಿ ಎಂಟು ವಾರಗಳ ತರಗತಿಯನ್ನು ನಡೆಸುತ್ತದೆಂದು ತಿಳಿದಾಗ, ಮನೆಯಲ್ಲಿ ಹಿರಿಯರೊಬ್ಬರ ಆರೈಕೆಯ ಹೊಣೆ ಹೊತ್ತಿರುವ ನಾನೂ ಹೆಸರು ಬರೆಸಿದೆ. ಶುಲ್ಕ 1,500 ರೂಪಾಯಿ. ಅದರಲ್ಲಿ ಒಂದು ಕಿರುಪುಸ್ತಕ ಮತ್ತು ಪ್ರತಿ ಸಂಜೆಯ ಚಹಾ ಸೇರಿದೆ. ಸಂಸ್ಥೆ ಚಿಕ್ಕದು, ಈ ಬರಹ ಅದಕ್ಕೆ ಜಾಹೀರಾತೂ ಆಗಬಾರದು, ಅಪವಾದವೂ ಆಗಬಾರದು ಎಂಬ ಕಾರಣಕ್ಕೆ ಹೆಸರನ್ನು ಬಿಟ್ಟಿದ್ದೇನೆ. ಪೇಟೆಯಲ್ಲಿ ವಿಚಾರಿಸಿದರೆ ಯಾರಾದರೂ ಹೇಳುತ್ತಾರೆ.

ತರಗತಿಗೆ ಬರುವವರಲ್ಲಿ ಎರಡು ಬಗೆ. ಒಂದು, ನನ್ನಂತೆ ರೋಗಿಗಳನ್ನು ನೋಡಿಕೊಳ್ಳುವವರು. ಅವರಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ಬಾಧಿತವಾದ ಎಣ್ಮಕಜೆ ಕಡೆಯ ತಾಯಂದಿರೂ ಇದ್ದರು. ಮತ್ತೊಂದು, ಕೇರಳ ಪಿಎಸ್‌ಸಿ ಪರೀಕ್ಷೆಗಳನ್ನು ವರ್ಷಗಟ್ಟಲೆ ಬರೆಯುತ್ತಿರುವ ಕನ್ನಡ ಮಾಧ್ಯಮದ ತರುಣ ತರುಣಿಯರು. ಮೇಲ್ನೋಟಕ್ಕೆ ಈ ಎರಡು ಗುಂಪುಗಳಿಗೆ ಒಂದೇ ಪಾಠ ಹೊಂದುವುದಿಲ್ಲವೆಂದು ತೋರುತ್ತದೆ. ಆದರೆ ಇಬ್ಬರದೂ ಒಂದೇ ಪ್ರಶ್ನೆ: ಫಲ ಕಾಣದ ಕೆಲಸವನ್ನು ಇನ್ನೆಷ್ಟು ದಿನ ಮಾಡಬೇಕು, ಮತ್ತು ಹಾಗೆ ಮಾಡುತ್ತಿರುವಾಗ ಒಳಗೆ ಆಗುತ್ತಿರುವುದೇನು? ಪಾಠ ಹೇಳುವವರು ಮನಶ್ಶಾಸ್ತ್ರ ಓದಿಕೊಂಡ ಮಧ್ಯವಯಸ್ಸಿನ ಮಹಿಳೆ. ಎಲ್ಲರೂ ಅವರನ್ನು ‘ಟೀಚರ್’ ಎಂದೇ ಕರೆಯುತ್ತಿದ್ದರು.

ಮೊದಲ ಸಂಜೆಯ ಪಾಠ ಶರೀರಶಾಸ್ತ್ರದ್ದು. ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ಅಪಾಯದ ಸುಳಿವು ಸಿಕ್ಕ ಕೂಡಲೇ ಮಿದುಳಿನ ಅಮಿಗ್ಡಲ ಎಂಬ ಭಾಗ ಚುರುಕಾಗುವುದು, ಹೈಪೊಥಲಾಮಸ್, ಪಿಟ್ಯುಟರಿ ಮತ್ತು ಅಡ್ರಿನಲ್ ಗ್ರಂಥಿಗಳ ಸರಪಳಿ ಎಚ್ಚೆತ್ತು ಕಾರ್ಟಿಸೋಲ್ ಎಂಬ ಹಾರ್ಮೋನು ರಕ್ತಕ್ಕೆ ಬರುವುದು, ಅಪಾಯ ಕಳೆದ ಮೇಲೆ ಅದೇ ಕಾರ್ಟಿಸೋಲ್ ಮಿದುಳಿಗೆ ಮರಳಿ ‘ಇನ್ನು ಸಾಕು’ ಎಂಬ ಸಂಕೇತ ಕೊಟ್ಟು ಸರಪಳಿಯನ್ನು ತಗ್ಗಿಸುವುದು, ಇವನ್ನೆಲ್ಲ ಚಿತ್ರ ಬರೆದು ವಿವರಿಸಿದರು. ಹ್ಯಾನ್ಸ್ ಸೆಲ್ಯೆ 1936ರಲ್ಲಿ ಬರೆದ ಒಂದು ಪುಟದಷ್ಟು ಚಿಕ್ಕ ಲೇಖನದಿಂದ ಈ ಅಧ್ಯಯನ ಬೆಳೆದ ಬಗೆಯನ್ನೂ, ಒತ್ತಡ ತಿಂಗಳುಗಟ್ಟಲೆ ಇಳಿಯದೆ ನಿಂತಾಗ ದೇಹ ತೆರಬೇಕಾಗುವ ಬೆಲೆಯನ್ನು ಬ್ರೂಸ್ ಮೆಕ್‌ಯೂವನ್ ವಿವರಿಸಿದ ಕ್ರಮವನ್ನೂ ಹೇಳಿದರು. ಪಾಠ ಸರಿಯಾಗಿತ್ತು. ಆದರೆ ತರಗತಿ ನಡೆಯುವ ಹಾಲಿನ ಮಾಡಿಗೆ ಹೊದಿಸಿದ್ದು ತಗಡು. ಆ ಸಂಜೆ ಮಳೆ ಬಿರುಸಾಗಿದ್ದುದರಿಂದ ಹಿಂದಿನ ಸಾಲಿನವರಿಗೆ ಅರ್ಧ ಮಾತೂ ಕೇಳಿಸಲಿಲ್ಲ. ಮೈಕ್ ಇಲ್ಲ. ಮಳೆಗಾಲದ ತಂಡಕ್ಕೆ ಸೇರುವವರು ಮೊದಲೇ ಹೋಗಿ ಮುಂದಿನ ಬೆಂಚು ಹಿಡಿಯಬೇಕು.

ಎರಡನೆಯ ವಾರ ಪಾಠ ಕಳೆಕಟ್ಟಿತು. ಪಿಎಸ್‌ಸಿ ಬರೆಯುವ ಹುಡುಗಿಯೊಬ್ಬಳು, ಪರೀಕ್ಷೆಯ ಹಾಲಿನಲ್ಲಿ ಎಷ್ಟು ತಿಣುಕಿದರೂ ಬಾರದ ಉತ್ತರ ಬಸ್‌ಸ್ಟ್ಯಾಂಡಿಗೆ ಬಂದು ನಿಂತ ಕೂಡಲೇ ತಾನಾಗಿ ನೆನಪಾಗುವುದೇಕೆ ಎಂದು ಕೇಳಿದಳು. ಇದಕ್ಕೆ ಟೀಚರ್ ಕೊಟ್ಟ ವಿವರಣೆ ಯೇಲ್ ವಿಶ್ವವಿದ್ಯಾಲಯದ ಏಮಿ ಆರ್ನ್‌ಸ್ಟೆನ್ ಅವರ ಸಂಶೋಧನೆಯನ್ನು ಆಧರಿಸಿತ್ತು. ಹಣೆಯ ಹಿಂದಿರುವ ಪ್ರಿಫ್ರಂಟಲ್ ಕಾರ್ಟೆಕ್ಸ್, ಅಂದರೆ ಯೋಚಿಸುವ, ಯೋಜಿಸುವ ಮತ್ತು ತಡೆಹಿಡಿಯುವ ಭಾಗ, ನಾರ್‌ಅಡ್ರಿನಲಿನ್ ಮತ್ತು ಡೋಪಮೈನ್ ಎಂಬ ರಾಸಾಯನಿಕಗಳು ಹದವಾಗಿದ್ದಾಗ ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮ ಹಿಡಿತದಲ್ಲಿಲ್ಲವೆನಿಸುವ ಒತ್ತಡದಲ್ಲಿ ಅವು ಹದ ಮೀರಿ ಸುರಿದಾಗ ಅಲ್ಲಿನ ನರಕೋಶಗಳ ಪರಸ್ಪರ ಸಂಪರ್ಕ ಸಡಿಲಗೊಂಡು, ಅಮಿಗ್ಡಲದಂಥ ಹಳೆಯ ಭಾಗಗಳ ಕೈ ಮೇಲಾಗುತ್ತದೆ. ಉತ್ತರ ಮರೆತುಹೋಗಿರುವುದಿಲ್ಲ, ಅದನ್ನು ಹುಡುಕಿ ತೆಗೆಯಬೇಕಾದ ಭಾಗ ಆ ಹೊತ್ತಿಗೆ ಬಲಗುಂದಿರುತ್ತದೆ ಎಂದು ತಿಳಿದಾಗ ಆ ಹುಡುಗಿಯ ಮುಖದಲ್ಲಿ ಕಂಡ ನಿರಾಳವನ್ನು ನೋಡಿದರೆ, ಅವಳ ಮಟ್ಟಿಗೆ ಶುಲ್ಕದ ಬಹುಪಾಲು ಅಲ್ಲಿಯೇ ಸಂದಾಯವಾಯಿತು. ‘ಎಷ್ಟು ಓದಿದರೂ ತಲೆಗೆ ಹತ್ತುವುದಿಲ್ಲ’ ಎಂದು ಮನೆಯಲ್ಲಿ ಹೇಳಿಸಿಕೊಂಡೇ ಬೆಳೆದ ಮಕ್ಕಳಿಗೆ ಇದು ತಿಳಿದಿರಬೇಕಾದ ವಿಷಯ.

ಮೂರನೆಯ ವಾರದ ಪ್ರಯೋಗವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಎಲ್ಲರಿಗೂ ಮಡಚಿದ ಚೀಟಿಗಳನ್ನು ಹಂಚಿದರು. ಚೀಟಿಯಲ್ಲಿ ಅಕ್ಷರಗಳನ್ನು ಕದಡಿ ಬರೆದ ಮೂರು ಶಬ್ದಗಳು. ಒಂದೊಂದನ್ನೇ ಸರಿಪಡಿಸಿ ಕೈ ಎತ್ತಬೇಕು. ಬಲಗಡೆಯ ಸಾಲಿನವರ ಮೊದಲ ಎರಡು ಶಬ್ದಗಳು ‘ಗಸುರಂ’ ಮತ್ತು ‘ಕೆಡಿಅ’. ಸುರಂಗ, ಅಡಿಕೆ ಎಂದು ಬಿಡಿಸುವುದಕ್ಕೆ ಅರೆಗಳಿಗೆ ಸಾಕು. ಎಡಗಡೆಯವರಿಗೆ ಕೊಟ್ಟದ್ದು ಹೇಗೆ ಜೋಡಿಸಿದರೂ ಶಬ್ದವಾಗದ ಅಕ್ಷರಗಳು. ಅದು ಅವರಿಗೆ ತಿಳಿದಿಲ್ಲ. ಬಲಗಡೆಯ ಕೈಗಳು ಮೇಲೇಳುವುದನ್ನು ಎರಡು ಸಲ ನೋಡಿ ಎಡಸಾಲು ಮೆಲ್ಲನೆ ಸಪ್ಪಗಾಯಿತು. ಮೂರನೆಯ ಶಬ್ದ ಇಬ್ಬರಿಗೂ ಒಂದೇ: ‘ನಕ್ಷಗಾಯ’. ಬಲಗಡೆಯವರು ‘ಯಕ್ಷಗಾನ’ ಎಂದು ಬರೆದು ಮುಗಿಸಿದ್ದರು. ಎಡಸಾಲಿನಲ್ಲಿ ಹೆಚ್ಚಿನವರು ಪೆನ್ನು ಕೆಳಗಿಟ್ಟಾಗಿತ್ತು. ಅವರಲ್ಲಿ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ ಕುಂಬಳೆಯಿಂದಲೇ ಬಂದವರೊಬ್ಬರಿದ್ದರು, ಅದೂ ಹವ್ಯಾಸಿ ಅರ್ಥಧಾರಿ. ಗುಟ್ಟು ಬಿಚ್ಚಿದಾಗ ಅವರೇ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕರು.

ಇದರ ಹಿಂದಿರುವುದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ಅವರು ನಡೆಸಿ 1967ರಲ್ಲಿ ಪ್ರಕಟಿಸಿದ ಪ್ರಯೋಗ. ಎರಡು ಗುಂಪಿನ ನಾಯಿಗಳಿಗೆ ಒಂದೇ ಪ್ರಮಾಣದ ವಿದ್ಯುತ್ ಆಘಾತ ಕೊಡಲಾಗಿತ್ತು. ಒಂದು ಗುಂಪಿನ ನಾಯಿಗಳು ತಲೆಯಿಂದ ಹಲಗೆಯೊಂದನ್ನು ಒತ್ತಿ ಅದನ್ನು ನಿಲ್ಲಿಸಬಹುದಿತ್ತು. ಮತ್ತೊಂದು ಗುಂಪಿನವು ಏನು ಮಾಡಿದರೂ ಪ್ರಯೋಜನವಿರಲಿಲ್ಲ. ಮುಂದೆ ತಗ್ಗಾದ ಅಡ್ಡಗೋಡೆಯೊಂದನ್ನು ಹಾರಿದರೆ ಸುಲಭವಾಗಿ ಪಾರಾಗಬಹುದಾದ ಪೆಟ್ಟಿಗೆಯಲ್ಲಿ ಬಿಟ್ಟಾಗ, ಎರಡನೆಯ ಗುಂಪಿನ ಹೆಚ್ಚಿನ ನಾಯಿಗಳು ಹಾರುವ ಯತ್ನವನ್ನೇ ಕೈಬಿಟ್ಟು ಆಘಾತವನ್ನು ಸಹಿಸಿಕೊಂಡವು. ಅಸಹಾಯಕತೆಯನ್ನು ಪ್ರಾಣಿ ಅನುಭವದಿಂದ ಕಲಿಯುತ್ತದೆ ಎಂದು ಅವರು ಆಗ ತೀರ್ಮಾನಿಸಿದರು. ಬಹಳಷ್ಟು ಪುಸ್ತಕಗಳೂ ಭಾಷಣಕಾರರೂ ಇಂದಿಗೂ ಅಲ್ಲಿಗೇ ನಿಲ್ಲುತ್ತಾರೆ.

ನಮ್ಮ ಟೀಚರ್ ನಿಲ್ಲಲಿಲ್ಲ. ಈ ತರಗತಿಯನ್ನು ನಾನು ಹೊಗಳುವುದಕ್ಕೆ ಮುಖ್ಯ ಕಾರಣ ನಾಲ್ಕನೆಯ ವಾರದ ಪಾಠ. ಅದೇ ಇಬ್ಬರು ವಿಜ್ಞಾನಿಗಳು ಸುಮಾರು ಐವತ್ತು ವರ್ಷಗಳ ಬಳಿಕ, 2016ರಲ್ಲಿ, ತಮ್ಮ ಹಳೆಯ ತೀರ್ಮಾನವನ್ನು ತಾವೇ ತಲೆಕೆಳಗು ಮಾಡಿದರು. ಮಿದುಳುಕಾಂಡದಲ್ಲಿರುವ ಡಾರ್ಸಲ್ ರಫೆ ಎಂಬ ಚಿಕ್ಕ ಗುಂಪಿನ ನರಕೋಶಗಳು ದೀರ್ಘಕಾಲದ ಯಾತನೆಯಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಸುರಿಸಿ, ಜೀವಿಯನ್ನು ನಿಷ್ಕ್ರಿಯವನ್ನಾಗಿಯೂ ಆತಂಕಗೊಳ್ಳುವಂತೆಯೂ ಮಾಡುತ್ತವೆ. ಇದು ಕಲಿತ ಪಾಠವಲ್ಲ, ಹುಟ್ಟಿನಿಂದಲೇ ಇರುವ ವ್ಯವಸ್ಥೆ. ಪ್ರಾಣಿ ಕಲಿಯುವುದು ಇದರ ವಿರುದ್ಧವಾದುದನ್ನು: ತನ್ನ ಕೆಲಸದಿಂದ ಯಾತನೆ ನಿಲ್ಲುತ್ತದೆ ಎಂಬುದು ಅನುಭವಕ್ಕೆ ಬಂದಾಗ ಪ್ರಿಫ್ರಂಟಲ್ ಕಾರ್ಟೆಕ್ಸಿನ ಮಧ್ಯಭಾಗ ಡಾರ್ಸಲ್ ರಫೆಯನ್ನು ತಗ್ಗಿಸುತ್ತದೆ, ಆ ಅನುಭವದ ಗುರುತು ಉಳಿದು, ಮುಂದೆ ಬೇರೆ ಕಷ್ಟ ಬಂದಾಗಲೂ ರಕ್ಷಣೆ ಕೊಡುತ್ತದೆ. ಎಂದರೆ ಸೋತು ಕೂರುವವನಲ್ಲಿ ಯಾವುದೋ ದೋಷ ಸೇರಿಕೊಂಡಿದೆ ಎಂದಲ್ಲ. ‘ನಾನು ಮಾಡಿದರೆ ಆಗುತ್ತದೆ’ ಎಂಬುದಕ್ಕೆ ಪುರಾವೆ ಸಿಗುವ ಅವಕಾಶ ಅವನಿಗೆ ಬಂದಿಲ್ಲ.

ಪ್ರಯತ್ನ ಬಿಡುವುದೂ ಮಿದುಳು ಲೆಕ್ಕ ಹಾಕಿಯೇ ಮಾಡುವ ಕೆಲಸ ಎಂಬುದಕ್ಕೆ ಟೀಚರ್ ಜೀಬ್ರಾಮೀನಿನ ಮರಿಗಳ ಉದಾಹರಣೆ ಕೊಟ್ಟರು. ಅಮೆರಿಕದ ಜನೇಲಿಯಾ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದ ಅಧ್ಯಯನವದು. ಎಷ್ಟು ಈಜಲು ಯತ್ನಿಸಿದರೂ ಸುತ್ತಲಿನ ದೃಶ್ಯ ಕದಲದಂತೆ ಕೃತಕ ಪರಿಸರವನ್ನು ಹೂಡಿದಾಗ, ಮೀನುಮರಿ ಮೊದಲು ಜೋರಾಗಿ ಯತ್ನಿಸಿ ಬಳಿಕ ಸುಮ್ಮನಾಗುತ್ತದೆ. ವಿಫಲವಾದ ಪ್ರತಿ ಯತ್ನದ ಸಂಕೇತವನ್ನೂ ನಾರ್‌ಅಡ್ರಿನಲಿನ್ ನರಕೋಶಗಳು ಕಳಿಸುತ್ತವೆ, ಅವನ್ನು ಕೂಡಿಸಿಟ್ಟುಕೊಳ್ಳುವುದು ಗ್ಲಿಯಾ ಎಂಬ, ನರಕೋಶಗಳಿಗೆ ಊಳಿಗದವೆಂದು ಬಹುಕಾಲ ನಂಬಲಾಗಿದ್ದ ಜೀವಕೋಶಗಳು; ಮೊತ್ತ ಒಂದು ಮಟ್ಟಕ್ಕೇರಿದಾಗ ಅವೇ ಈಜನ್ನು ನಿಲ್ಲಿಸುತ್ತವೆ. ಸ್ವಲ್ಪ ಹೊತ್ತಿನ ಮೇಲೆ ಮೀನು ಮತ್ತೆ ಯತ್ನಿಸುತ್ತದೆ. ಮೀನಿಗೆ ಅನ್ವಯಿಸುವುದೆಲ್ಲ ಮನುಷ್ಯರಿಗೂ ಅನ್ವಯಿಸುತ್ತದೆಂದು ತಿಳಿಯಬೇಡಿ ಎಂದು ಅವರು ಎರಡು ಸಲ ಎಚ್ಚರಿಸಿದ್ದು ನನಗೆ ಮೆಚ್ಚಿಕೆಯಾಯಿತು. ಇಂಥ ತರಗತಿಗಳಲ್ಲಿ ಆ ಎಚ್ಚರ ಕಡಿಮೆ.

ಅಂದು ಎಣ್ಮಕಜೆ ಕಡೆಯ ತಾಯಿಯೊಬ್ಬರು ಎದ್ದು ನಿಂತರು. “ಟೀಚರೇ, ಮಗನಿಗೆ ಗುಣ ಆಗುದಿಲ್ಲ ಅಂತ ಡಾಕ್ಟ್ರು ಹೇಳಿ ಆಗಿದೆ. ಮತ್ತೆ ನನ್ನ ಕೈಯಲ್ಲಿ ಏನುಂಟು?”

ಟೀಚರ್ ತುಸು ಹೊತ್ತು ಮಾತಾಡಲಿಲ್ಲ. ಆಮೇಲೆ, “ಗುಣ ಮಾಡುದು ನಿಮ್ಮ ಕೈಯಲ್ಲಿಲ್ಲ ಅಕ್ಕಾ, ಅದನ್ನು ಉಂಟು ಅಂತ ನಾನು ಹೇಳುದಿಲ್ಲ. ಬೆಳಿಗ್ಗೆ ಮೊದಲು ಮೀಯಿಸುದಾ ಗಂಜಿ ಕೊಡುದಾ, ಮಧ್ಯಾಹ್ನ ಒಂದು ಗಂಟೆ ನೆರೆಮನೆಯವರನ್ನು ಕೂರಿಸಿ ನೀವು ಮಲಗುದಾ ಬೇಡವಾ, ಅಷ್ಟು ನಿಮ್ಮ ಕೈಯಲ್ಲಿ ಉಂಟಲ್ಲ? ಅಲ್ಲಿಂದ ಸುರು ಮಾಡುವ” ಎಂದರು.

ಸಮಾಧಾನದ ಮಾತಿನಲ್ಲಿ ತೇಲಿಸಿಬಿಡುವುದಕ್ಕೆ ಅದು ಸುಲಭವಾದ ಸಂದರ್ಭ. ಅವರು ಹಾಗೆ ಮಾಡದೆ, ಇಲ್ಲದ್ದನ್ನು ಇಲ್ಲ ಎಂದೇ ಹೇಳಿ, ಇರುವಷ್ಟನ್ನು ಬೇರ್ಪಡಿಸಿ ತೋರಿಸಿದರು. ಪಿಎಸ್‌ಸಿಯವರಿಗೂ ಇದನ್ನೇ ಹೇಳಿದರು: ರ‍್ಯಾಂಕ್ ಪಟ್ಟಿ ಯಾವಾಗ ಬರುತ್ತದೆ, ಹುದ್ದೆಗಳು ಎಷ್ಟು ಎಂಬುದು ನಿಮ್ಮ ಕೈಯಲ್ಲಿಲ್ಲ, ಈ ಹೊತ್ತು ಬಿಡಿಸಿದ ಪ್ರಶ್ನೆಗಳಲ್ಲಿ ತಪ್ಪಿದವನ್ನು ನಾಳೆ ಮತ್ತೆ ಬಿಡಿಸುವುದು ನಿಮ್ಮ ಕೈಯಲ್ಲಿದೆ.

ಐದನೆಯ ಸಂಜೆ ಬಾಯಾರು ಕಡೆಯ ಹಿರಿಯ ಸುರಂಗ ಕೆಲಸಗಾರರೊಬ್ಬರನ್ನು ಕರೆಸಿದ್ದರು. ಯೋಜನೆ ಹೊಳೆದದ್ದು ಯಾರಿಗೋ ತಿಳಿಯದು, ಇಡೀ ತರಗತಿಯಲ್ಲಿ ಅತ್ಯಂತ ಸೊಗಸಾದ ಸಂಜೆ ಇದು. ಗುಡ್ಡದ ಬದಿಯಿಂದ ಮುರಕಲ್ಲಿನೊಳಗೆ ಆಳು ನಿಲ್ಲುವಷ್ಟು ಎತ್ತರಕ್ಕೆ, ಒಬ್ಬ ನುಸುಳುವಷ್ಟೇ ಅಗಲಕ್ಕೆ, ಅಡ್ಡಲಾಗಿ ಕೊರೆಯುತ್ತ ನೀರಿನ ಒಸರನ್ನು ಹುಡುಕಿಕೊಂಡು ಹೋಗುವ ಈ ಕೆಲಸದಲ್ಲಿ ಕೋಲುಗಟ್ಟಲೆ ಅಗೆದರೂ ನೀರಿನ ಹನಿ ಕಾಣದ ದಿನಗಳೇ ಹೆಚ್ಚು. ಅಷ್ಟು ದಿನ ಬೇಸರವಾಗದೆ ಹೇಗೆ ಅಗೆಯುತ್ತಿದ್ದಿರಿ ಎಂದು ಹುಡುಗರು ಕೇಳಿದಾಗ ಅವರಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ಬೇಸರ ಎಂತಕ್ಕೆ? ಮಣ್ಣು ಮಾತಾಡ್ತದಲ್ಲ. ತಂಪು ಕೊಟ್ಟರೆ ಮುಂದೆ ಹೋಗುದು, ಕೊಡದಿದ್ರೆ ದಿಕ್ಕು ತಿರುಗಿಸುದು. ದೀಪ ಕುಂದಿದರೆ ಹೊರಗೆ ಬರುದು, ಗಾಳಿ ಇಲ್ಲ ಅಂತ ಲೆಕ್ಕ.” ಅಂಗೈಯನ್ನು ಗೋಡೆಗೆ ಒತ್ತಿ, ಮೂಸಿ, ಬೆರಳಲ್ಲಿ ಮಣ್ಣನ್ನು ತಿಕ್ಕಿ ನೋಡುವ ರೀತಿಯನ್ನು ಹಾಲಿನ ಗೋಡೆಗೇ ಕೈಯಿಟ್ಟು ತೋರಿಸಿದರು. ಅಗೆದು ಬಿಟ್ಟ ಬರಡು ಸುರಂಗಗಳ ಬಗ್ಗೆಯೂ ಸಂಕೋಚವಿಲ್ಲದೆ ಹೇಳಿದರು. ಅವರ ಛಲ ಹಲ್ಲುಕಚ್ಚಿ ಹಿಡಿದದ್ದಲ್ಲ. ಅಡಿಗಡಿಗೆ ಸಿಗುವ ಸಣ್ಣ ಸುಳಿವುಗಳಿಂದ ಒದಗುವಂಥದು, ಮತ್ತು ಬಿಡಬೇಕಾದಾಗ ಬಿಡುವುದೂ ಅದರೊಳಗೇ ಸೇರಿತ್ತು. ಹಿಂದಿನ ವಾರದ ಡಾರ್ಸಲ್ ರಫೆಯ ಪಾಠ ಅಂದು ಪೂರ್ತಿಯಾಗಿ ಅರ್ಥವಾಯಿತೆಂದು ನನ್ನ ಪಕ್ಕದಲ್ಲಿದ್ದವರು ಹೇಳಿದರು. ನನಗೂ ಹಾಗೆಯೇ ಅನಿಸಿತು.

ಇಲ್ಲಿಂದ ಮುಂದೆ ತರಗತಿ ಇಳಿಮುಖ. ಆರನೆಯ ವಾರ ಅತಿಥಿಯಾಗಿ ಬಂದ ವೈದ್ಯರು ಪೂರ್ತಿಯಾಗಿ ಮಲಯಾಳದಲ್ಲಿ ಮಾತಾಡಿದರು. ಪಿಎಸ್‌ಸಿ ಬರೆಯುವವರಿಗೆ ತೊಂದರೆಯಾಗಲಿಲ್ಲ. ಒಳನಾಡಿನಿಂದ ಬಂದ ಹಿರಿಯ ಹೆಂಗಸರು ಒಂದೂವರೆ ಗಂಟೆ ಸುಮ್ಮನೆ ಕೂತಿದ್ದರು. ಕನ್ನಡದ ತರಗತಿ ಎಂದು ಹೇಳಿ ಶುಲ್ಕ ಪಡೆದ ಮೇಲೆ ಯಾರಾದರೊಬ್ಬರು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ತಿಳಿಸಬೇಕಿತ್ತು. ವೈದ್ಯರು ಹೇಳಿದ ವಿಷಯ ಉಪಯುಕ್ತವೇ ಆಗಿತ್ತು. ಮುಖದಲ್ಲಿ ತೋರಗೊಡದೆ ದುಃಖವನ್ನು ನುಂಗಿಕೊಂಡರೆ ಹೊರಗಿನ ಚಹರೆ ಬದಲಾಗುತ್ತದೆಯೇ ಹೊರತು ಒಳಗಿನ ನೋವು ಇಳಿಯುವುದಿಲ್ಲ, ದೇಹದ ಉದ್ವೇಗ ಏರುತ್ತದೆ, ನೆನಪಿನ ಶಕ್ತಿಗೂ ಪೆಟ್ಟು ಬೀಳುತ್ತದೆ. ಅದರ ಬದಲು ಘಟನೆಯನ್ನು ಬೇರೆ ಕೋನದಿಂದ ನೋಡುವ ಅಭ್ಯಾಸ ಹೆಚ್ಚು ಫಲಕಾರಿ ಎಂಬ ಜೇಮ್ಸ್ ಗ್ರಾಸ್ ಅವರ ಸಂಶೋಧನೆಯ ಸಾರವನ್ನು ಅವರು ಹೇಳಿದರು. ನುಂಗಿಕೊಳ್ಳುವುದನ್ನೇ ಬದುಕಿನುದ್ದಕ್ಕೂ ಮಾಡಿಕೊಂಡು ಬಂದವರಿಗೆ ಆ ಮಾತು ತಲುಪಲಿಲ್ಲ.

ಮನೆಯಲ್ಲಿ ಮಾಡಲು ಕೊಟ್ಟ ಅಭ್ಯಾಸಗಳು ಎರಡು. ಒಂದು ಉಸಿರಿನದು: ಮೂಗಿನಿಂದ ಎರಡು ಸಲ ಎಳೆದುಕೊಂಡು ಬಾಯಿಯಿಂದ ನಿಧಾನವಾಗಿ ಬಿಡುವುದು. ದಿನಕ್ಕೆ 5 ನಿಮಿಷದಂತೆ ಒಂದು ತಿಂಗಳು ಮಾಡಿದವರ ಮನಃಸ್ಥಿತಿ ಸುಧಾರಿಸಿದ್ದನ್ನು ಸ್ಟ್ಯಾನ್‌ಫರ್ಡ್ ವಿಜ್ಞಾನಿಗಳು 2023ರಲ್ಲಿ ವರದಿ ಮಾಡಿದ್ದಾರೆ. ಇದನ್ನು ನಾನು ಈಗಲೂ ಮಾಡುತ್ತಿದ್ದೇನೆ, ಖರ್ಚಿಲ್ಲದ ಕೆಲಸ. ಇನ್ನೊಂದು, ರಾತ್ರಿ ಆ ದಿನದ ಭಾವನೆಯನ್ನು ಹೆಸರಿಟ್ಟು ಬರೆಯುವುದು. ಮೊದಲ ವಾರ ಎಲ್ಲರ ಪುಸ್ತಕದಲ್ಲೂ ‘ಮಂಡೆಬಿಸಿ’ ಎಂಬುದೊಂದೇ ಇತ್ತು; ಹೆದರಿಕೆಯೋ, ಸಿಟ್ಟೋ, ನಾಚಿಕೆಯೋ ಎಂದು ಬಿಡಿಸಿ ಬರೆಯುವಂತೆ ಟೀಚರ್ ತಿದ್ದಿದರು. ಭಾವನೆಗೆ ಮಾತು ಕೊಟ್ಟಾಗ ಪ್ರಿಫ್ರಂಟಲ್ ಕಾರ್ಟೆಕ್ಸಿನ ಬಲಭಾಗ ಚುರುಕಾಗಿ ಅಮಿಗ್ಡಲದ ಪ್ರತಿಕ್ರಿಯೆ ಇಳಿಯುವುದನ್ನು ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ತೋರಿಸಿದೆ.

ಏಳನೆಯ ವಾರದ ಪಾಠವನ್ನು ಮಾತ್ರ ಪೂರ್ತಿಯಾಗಿ ತೆಗೆದುಹಾಕಬೇಕು. ಅಂದು ಬಂದವರು ಬೇರೆಯವರು, ಪ್ರೇರಣಾ ಭಾಷಣಕಾರರು. ಅಡಿಕೆಗೆ ಕೊಳೆರೋಗದ ಮದ್ದು ಬಿಡುವಾಗ ಡ್ರಮ್ಮಿನಲ್ಲಿರುವ ಬೋರ್ಡೋ ದ್ರಾವಣ ಮುಗಿಯುವಂತೆ ಇಚ್ಛಾಶಕ್ತಿಯೂ ಬಳಸಿದಷ್ಟು ಮುಗಿಯುತ್ತದೆ, ಅದನ್ನು ಉಳಿಸಿ ಬಳಸಬೇಕು ಎಂದು ಅವರು ಬಹಳ ಹೊತ್ತು ಹೇಳಿದರು. ಈ ವಾದ ರಾಯ್ ಬೌಮೈಸ್ಟರ್ ಅವರ 1998ರ ಪ್ರಯೋಗದಿಂದ ಹೊರಟದ್ದು. ಆದರೆ 2016ರಲ್ಲಿ 23 ಪ್ರಯೋಗಾಲಯಗಳು ಸೇರಿ ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷಿಸಿದಾಗ ಅಂಥ ಪರಿಣಾಮ ಇದೆಯೆಂದು ಹೇಳುವಷ್ಟು ಕಾಣಲಿಲ್ಲ. ಅವರ ಭಾಷಣದಲ್ಲಿ ಅದರ ಸುದ್ದಿಯೇ ಇಲ್ಲ. ಬಳಿಕ 2013ರ ಸ್ಟ್ಯಾನ್‌ಫರ್ಡ್ ಪ್ರಯೋಗವನ್ನು ಎತ್ತಿಕೊಂಡರು: ಮೂರ್ಛೆರೋಗದ ಚಿಕಿತ್ಸೆಗಾಗಿ ಮಿದುಳಿನೊಳಗೆ ವಿದ್ಯುದ್ವಾರಗಳನ್ನಿಟ್ಟಿದ್ದ ಇಬ್ಬರಲ್ಲಿ, ಸಿಂಗ್ಯುಲೇಟ್ ಕಾರ್ಟೆಕ್ಸಿನ ನಡುವಿನ ಒಂದು ಬಿಂದುವನ್ನು ಪ್ರಚೋದಿಸಿದಾಗ, ಏನೋ ಸವಾಲು ಎದುರಾಗುತ್ತಿದೆ, ಅದನ್ನು ದಾಟಿಯೇ ತೀರುತ್ತೇನೆ ಎಂಬ ಭಾವ ಹುಟ್ಟಿತ್ತು. ಸೋಜಿಗದ ಸಂಗತಿ ಹೌದು. ಆದರೆ ಇಬ್ಬರು ರೋಗಿಗಳಿಂದ ‘ಛಲದ ಗುಂಡಿ ನಿಮ್ಮೊಳಗಿದೆ, ಒತ್ತಿಕೊಳ್ಳಿ’ ಎಂಬಲ್ಲಿಗೆ ಜಿಗಿದರೆ ಅದು ವಿಜ್ಞಾನವಲ್ಲ. ವೈದ್ಯರು ಹೊರಗಿನಿಂದ ವಿದ್ಯುತ್ ಕೊಟ್ಟು ಹುಟ್ಟಿಸಿದ ಭಾವವನ್ನು ನಾವು ಕೂತಲ್ಲಿಂದ ಒತ್ತಿಕೊಳ್ಳುವುದು ಹೇಗೆ?

ನನ್ನ ಮುಖ್ಯ ತಕರಾರು ಇರುವುದೂ ಇಲ್ಲಿಯೇ. 1967ರ ಪ್ರಯೋಗದಲ್ಲಿ ಹಲಗೆ ಒತ್ತಿದ ನಾಯಿಗೆ ಆಘಾತ ನಿಜವಾಗಿಯೂ ನಿಲ್ಲುತ್ತಿತ್ತು. ನಿಲ್ಲುತ್ತದೆಂಬ ನಂಬಿಕೆಯನ್ನು ಯಾರೂ ಅದಕ್ಕೆ ಬೋಧಿಸಿರಲಿಲ್ಲ. ಮಿದುಳಿನ ಮುಂಭಾಗಕ್ಕೆ ಬೇಕಾದ ಪುರಾವೆ ಕೆಲಸಕ್ಕೂ ಫಲಕ್ಕೂ ಇರುವ ವಾಸ್ತವ ಸಂಬಂಧ. ಅದಿಲ್ಲದೆ ಕೊಡುವ ಧೈರ್ಯದ ಮಾತು ಎಡಸಾಲಿನವರಿಗೆ ಕೊಟ್ಟ ಚೀಟಿಗಿಂತ ಬೇರೆಯಲ್ಲ. ಈ ಊರಿನ ಗೇರುತೋಟಗಳ ಮೇಲೆ ಎಂಡೋಸಲ್ಫಾನನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಿದ್ದು 2000ದವರೆಗೂ ನಡೆಯಿತು. ದೇಶದಲ್ಲಿ ಅದನ್ನು ಸುಪ್ರೀಂ ಕೋರ್ಟ್ ತಡೆದದ್ದು 2011ರ ಮೇ ತಿಂಗಳಿನಲ್ಲಿ. ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂಬ ಆದೇಶ ಬಂದದ್ದು 2017ರ ಜನವರಿಯಲ್ಲಿ. ಅದರ ಬಳಿಕವೂ ಹಣಕ್ಕಾಗಿ ಮತ್ತೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಅಂಥ ಮನೆಯಿಂದ ಬಂದ ತಾಯಿಯ ಎದುರು ‘ಮನಸ್ಸಿದ್ದರೆ ಮಾರ್ಗ’ ಎಂದು ಕೂಗುವುದು ಅಸೂಕ್ಷ್ಮತೆ. ಅವರು ಸೋತಿದ್ದರೆ ಅದು ಛಲದ ಕೊರತೆಯಿಂದಲ್ಲ, ಹಲಗೆಯನ್ನು ಎಷ್ಟು ಒತ್ತಿದರೂ ಯಾವುದೂ ನಿಲ್ಲದಿದ್ದುದರಿಂದ. ಪಿಂಚಣಿಯ ಅರ್ಜಿ ಎಲ್ಲಿ ಕೊಡಬೇಕು, ಅದು ಯಾವ ಮೇಜಿನಲ್ಲಿದೆಯೆಂದು ತಿಳಿಯುವುದು ಹೇಗೆ, ಆರೈಕೆಯಿಂದ ಕೆಲವು ಗಂಟೆ ಬಿಡುವು ಸಿಗುವಂತೆ ನೆರೆಕರೆಯವರು ಸರದಿ ಮಾಡಿಕೊಳ್ಳುವುದು ಹೇಗೆ, ಇವುಗಳಲ್ಲಿ ಒಂದನ್ನಾದರೂ ಏಳನೆಯ ಸಂಜೆಗೆ ಇಟ್ಟುಕೊಂಡರೆ ನಾಲ್ಕನೆಯ ವಾರದ ವಿಜ್ಞಾನಕ್ಕೆ ಅದೇ ನ್ಯಾಯವಾದ ಮುಂದುವರಿಕೆ. ಕಿರುಪುಸ್ತಕದ ಕೊನೆಯ ಪುಟದಲ್ಲಿ ಹೇಳಿಕೆಯೊಂದಿದೆ, ‘ಒತ್ತಡ ನಿಮ್ಮ ದೃಷ್ಟಿಯಲ್ಲಿದೆ’ ಎಂದು. ಟೀಚರ್ ಹೇಳಿದ ಪಾಠಕ್ಕೆ ಅದು ನೇರ ವಿರುದ್ಧ.

ಎಂಟನೆಯ ಸಂಜೆ ಪ್ರಮಾಣಪತ್ರ ವಿತರಣೆ, ಭಾಷಣ, ಫೋಟೋ. ಅದರ ಬಗ್ಗೆ ಬರೆಯುವಂಥದ್ದೇನಿಲ್ಲ.

ಒಟ್ಟಿನಲ್ಲಿ, ಎರಡರಿಂದ ಐದರವರೆಗಿನ ನಾಲ್ಕು ಸಂಜೆಗಳಿಗಾಗಿಯೇ ಈ ತರಗತಿಗೆ ಸೇರಬಹುದು. ಆರೈಕೆ ಮಾಡುವವರೂ, ಪರೀಕ್ಷೆ ಬರೆಯುವವರೂ, ಕೃಷಿಯಲ್ಲಿ ವರ್ಷದಿಂದ ವರ್ಷಕ್ಕೆ ಕೈಸುಟ್ಟುಕೊಂಡವರೂ ಪಡೆದುಕೊಳ್ಳಬೇಕಾದ್ದು ಅವುಗಳಲ್ಲಿದೆ. ಆದರೆ ಇದು ಚಿಕಿತ್ಸೆಯಲ್ಲ. ವಾರಗಟ್ಟಲೆ ನಿದ್ದೆಯಿಲ್ಲದವರು, ಊಟ ಸೇರದವರು, ಬದುಕೇ ಬೇಡವೆನಿಸುತ್ತಿರುವವರು ಇದಕ್ಕೆ ಹೆಸರು ಬರೆಸುವ ಮೊದಲು ವೈದ್ಯರನ್ನು ಕಾಣಬೇಕು. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಹಗಲಿರುಳೂ ಉಚಿತ, ಭಾಷೆಯನ್ನು ಆರಿಸಿಕೊಳ್ಳುವ ಅವಕಾಶವೂ ಇದೆ. ಕಿರುಪುಸ್ತಕದಲ್ಲಿ ಈ ಸಂಖ್ಯೆ ಇಲ್ಲದಿರುವುದು ದೊಡ್ಡ ಕೊರತೆ. ಮುಂದಿನ ಮುದ್ರಣದಲ್ಲಿ ಸೇರಿಸುತ್ತೇವೆಂದು ಟೀಚರ್ ಒಪ್ಪಿಕೊಂಡಿದ್ದಾರೆ.

ಮುಂದಿನ ತಂಡಕ್ಕೆ ಸೇರುವವರಿಗೆ ಇನ್ನೆರಡು ಮಾತು. ತರಗತಿ ಹೇಳಿದ ಹೊತ್ತಿಗೆ ಬಿಡುವುದಿಲ್ಲ. ಒಳಊರುಗಳಿಗೆ ಹೋಗುವವರು ಕೊನೆಯ ಬಸ್ಸಿನ ಸಮಯವನ್ನು ಮೊದಲೇ ತಿಳಿಸಿಟ್ಟರೆ ಎದ್ದು ಹೋಗುವಾಗ ಮುಜುಗರವಾಗುವುದಿಲ್ಲ. ಶುಲ್ಕವನ್ನು ಎರಡು ಕಂತಿನಲ್ಲಿ ಕೊಡಬಹುದು, ಆದರೆ ನಾವಾಗಿ ಕೇಳಿದರೆ ಮಾತ್ರ. ಆಫೀಸಿನಲ್ಲಿ ಕೂತವರು ತಾವಾಗಿ ಹೇಳುವುದಿಲ್ಲ.